ತುರ್ತು ಪದ ಬೇಕು: ಬಸಿರು ಪರೀಕ್ಷೆಯ ಕಿಟ್ 'ಹೈಲಿ ಸೆನ್ಸಿಟಿವ್' ಅನ್ನುವುದಕ್ಕೆ

ಅನುವಾದಕಿ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಪ್ರಿಂಟಿಗೆ ಹೋಗಬೇಕಾದ ಕೆಲಸ. ಹೆರಿಗೆ ಆಸ್ಪತ್ರೆಯ ಗೋಡೆಗೆ ಒಂದು ಫಲಕ, ಔಷಧಿ ಅಂಗಡಿಯಲ್ಲಿ ಇಡಲು ಒಂದು ಚೀಟಿ. ಮನೆಯಲ್ಲೇ ಬಸಿರು ಪರೀಕ್ಷೆ ಮಾಡಿಕೊಳ್ಳುವವರಿಗಾಗಿ. ನಾಲ್ಕು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

'ಹೈಲಿ ಸೆನ್ಸಿಟಿವ್ ಟೆಸ್ಟ್' ಅನ್ನುವುದಕ್ಕೆ 'ಅತಿಸೂಕ್ಷ್ಮ ಪರೀಕ್ಷೆ' ಅಂತ ಬರೆದೆ. ನನ್ನ ತಮ್ಮ ಓದಿ, 'ಮತಗಟ್ಟೆನಾ? ಪೊಲೀಸರನ್ನು ಹಾಕ್ತಾರಾ?' ಅಂತ ನಕ್ಕ. 'ಸಂವೇದನಾಶೀಲ' ಅಂದರೆ ಕಿಟ್ ಕವಿತೆ ಬರೆಯುವ ಹಾಗೆ ಕೇಳುತ್ತದೆ. ಉಳಿದದ್ದು ಬಸಿರಿಲ್ಲದಿದ್ದರೂ ಕಿಟ್ ಇದೆ ಅನ್ನುವ 'ಫಾಲ್ಸ್ ಪಾಸಿಟಿವ್', ಆಗಿ ಕೆಲವೇ ದಿನಕ್ಕೆ ಹೋಗಿಬಿಡುವ ಬಸಿರು 'ಕೆಮಿಕಲ್ ಪ್ರೆಗ್ನೆನ್ಸಿ', ಮತ್ತೆ ಪಟ್ಟಿ ಒಣಗಿದ ಮೇಲೆ ಮೂಡುವ ಬೂದು ಗೆರೆ, 'ಇವ್ಯಾಪೊರೇಶನ್ ಲೈನ್'.

ಡಾಕ್ಟರಮ್ಮನ ಷರತ್ತು ಒಂದೇ. ಎಸ್ಸೆಸ್ಸೆಲ್ಸಿ ಓದಿದ ಹುಡುಗಿಗೆ ಒಂದೇ ಸಲಕ್ಕೆ ಗೊತ್ತಾಗಬೇಕು.

ನಿವೃತ್ತ ಅಧ್ಯಾಪಕರು, ಮೈಸೂರು:

ಸೂಕ್ಷ್ಮಗ್ರಾಹಿ. ಮಿಥ್ಯಾ ಧನಾತ್ಮಕ. ಜೈವರಾಸಾಯನಿಕ ಗರ್ಭಧಾರಣೆ. ಬಾಷ್ಪೀಭವನ ರೇಖೆ. ಎಲ್ಲವೂ ಸರಳವಾಗಿ ಸಿಗುವ ಪದಗಳು. ಹೊಸದಾಗಿ ಹುಟ್ಟಿಸುವ ಅಗತ್ಯ ಕಾಣುವುದಿಲ್ಲ.

ಅಚ್ಚಗನ್ನಡದ ಒಬ್ಬ, ಸಾಗರ:

'ಬಾಶ್ಪೀಬವನ ರೇಕೆ'! ಇದನ್ನು ಓದಿ ಮುಗಿಸುವಶ್ಟರಲ್ಲಿ ಹೆರಿಗೆಯೇ ಆಗಿರುತ್ತದೆ ಮೇಶ್ಟ್ರೇ.

ಒಣಗಿದ ಮೇಲೆ ಬರುವ ಗೆರೆ 'ಒಣಗೆರೆ'. ಮುಗಿಯಿತು. ಮಾಸಲಾಗಿ ಕಾಣುವ ಗೆರೆ 'ನಸುಗೆರೆ', ನಸುಗೆಂಪು ಇದ್ದ ಹಾಗೆ. ಸೆನ್ಸಿಟಿವ್ ಅಂದರೆ 'ಚುರುಕು'. ಪಾಲ್ಸ್ ಪಾಸಿಟಿವ್ ಅಂದರೆ 'ಹುಸಿಬಸಿರು'. ಹಳಗನ್ನಡದ ಪುಸಿಯೇ ಹುಸಿ, ತಮಿಳಿನಲ್ಲಿ ಪೊಯ್. ಇನ್ನು 'ಗರ್ಬ' ಯಾಕೆ ಬೇಕು? ಬಸಿರು ಅಂದರೆ ಮೊದಲು ಹೊಟ್ಟೆ ಅಂತಲೇ ಅರ್ತ. ತಮಿಳಿನ ವಯಿಱು, ನಮ್ಮ ಬಸಿಱ್, ಎರಡೂ ಒಂದೇ ಬೇರಿನವು. 1894ರ ಕಿಟ್ಟೆಲ್ ಪದಕೋಶ ತೆಗೆದು ನೋಡಿ. ಹಾರ್ಮೋನಿಗೂ ನನ್ನ ಹತ್ತಿರ 'ಒಳಸುರಿ' ಇದೆ, ಬೇಕಾದರೆ ತಗೊಳ್ಳಿ.

ಲ್ಯಾಬ್ ಟೆಕ್ನೀಶಿಯನ್, ದಾವಣಗೆರೆ:

ಒಣಗೆರೆಗೆ ನನ್ನ ಓಟು. ಉಳಿದದ್ದಕ್ಕೆ ತಕರಾರಿದೆ.

'ಹುಸಿಬಸಿರು' ಈಗಾಗಲೇ ಬೇರೆಯದಕ್ಕೆ ಕೊಟ್ಟಾಗಿದೆ. ಬಸಿರಿಲ್ಲದೆಯೂ ಮುಟ್ಟು ನಿಂತು, ಹೊಟ್ಟೆ ಉಬ್ಬಿ, ಎದೆ ತುಂಬಿ, ತಾನು ಬಸುರಿ ಅಂತಲೇ ನಂಬುವ ಸ್ಥಿತಿ ಅದು. ನಾಯಿಗಳಲ್ಲಂತೂ ಸಾಮಾನ್ಯ. ಕಿಟ್‌ನ ತಪ್ಪು ಉತ್ತರಕ್ಕೆ ಅದನ್ನೇ ಇಟ್ಟರೆ ಎರಡೂ ಕಲಸಿಹೋಗುತ್ತದೆ.

'ಚುರುಕು' ಅಂದರೆ ಬೇಗ ಉತ್ತರ ಕೊಡುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಹೇಳಬೇಕಾದ್ದು ಅದಲ್ಲ. ಬಸಿರಾದಾಗ ಮೂತ್ರದಲ್ಲಿ ಕಾಣುವ ಹಾರ್ಮೋನ್ ಎಚ್‌ಸಿಜಿ, ಅದು ಎಷ್ಟು ಕಡಿಮೆ ಇದ್ದರೂ ಕಿಟ್ ಗುರುತಿಸುತ್ತದೆ ಅನ್ನುವುದು. ಮಿಲಿಲೀಟರಿಗೆ 25 ಮಿಲಿ ಯೂನಿಟ್ ಇರಬೇಕು ಅನ್ನುವ ಕಿಟ್‌ಗಳಿವೆ, 10 ಇದ್ದರೆ ಸಾಕು ಅನ್ನುವವೂ ಇವೆ. ಇಲ್ಲೊಂದು ಎಡವಟ್ಟು. ಅಂಕಿ ಚಿಕ್ಕದಾದಷ್ಟೂ ಕಿಟ್ ಸೂಕ್ಷ್ಮ. ಚೀಟಿಯಲ್ಲಿ ಬರೀ 'ಸೂಕ್ಷ್ಮತೆ 10', 'ಸೂಕ್ಷ್ಮತೆ 25' ಅಂತ ಹಾಕಿದರೆ ನೂರಕ್ಕೆ ತೊಂಬತ್ತು ಮಂದಿ 25ರದ್ದೇ ಒಳ್ಳೆಯದು ಅಂತ ಕೊಳ್ಳುತ್ತಾರೆ.

ಇನ್ನೊಂದು. ಸೂಕ್ಷ್ಮ ಬೇರೆ, ನಂಬಿಕೆಗೆ ತಕ್ಕದ್ದು ಬೇರೆ. ಅಕ್ಕಸಾಲಿಯ ತಕ್ಕಡಿ ಗುಲಗಂಜಿಯನ್ನೂ ತೂಗುತ್ತದೆ. ಆದರೆ ಫ್ಯಾನ್ ಹಾಕಿದರೆ ಅದಕ್ಕೂ ಅಲ್ಲಾಡುತ್ತದೆ. ಅಂಡ ಬಿಡುಗಡೆಯಾದ ಮೇಲೆ ಭ್ರೂಣ ಹೋಗಿ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಹೆಚ್ಚಿನವರಲ್ಲಿ 8ರಿಂದ 10ನೇ ದಿನ. ಎಚ್‌ಸಿಜಿ ಶುರುವಾಗುವುದೇ ಆಮೇಲೆ. ಮುಟ್ಟಿಗೆ ಐದಾರು ದಿನ ಮೊದಲೇ ನೋಡಿದರೆ ಕೆಲವರಲ್ಲಿ ಅದು ಇನ್ನೂ ಇರುವುದೇ ಇಲ್ಲ. ಇಲ್ಲದ್ದನ್ನು ಯಾವ ಕಿಟ್ ಹಿಡಿಯುತ್ತದೆ?

ಅನುವಾದಕಿ, ಹುಬ್ಬಳ್ಳಿ:

ಅಯ್ಯೋ, ಇದು ನನಗೆ ಬೇಕಾಗಿತ್ತು. ಹಾಗಾದರೆ 'ಮಿಸ್ಡ್ ಪೀರಿಯಡ್‌ಗಿಂತ 6 ದಿನ ಮೊದಲು' ಅನ್ನುವ ಸಾಲು? 'ಮುಟ್ಟು ನಿಂತ ದಿನಕ್ಕಿಂತ 6 ದಿನ ಮೊದಲು' ಅಂತ ಹಾಕಿದ್ದೇನೆ.

ಲ್ಯಾಬ್ ಟೆಕ್ನೀಶಿಯನ್, ದಾವಣಗೆರೆ:

ಬೇಡ ಮೇಡಂ! 'ಮುಟ್ಟು ನಿಂತ ದಿನ' ಅಂದರೆ ರಕ್ತ ಹೋಗುವುದು ನಿಂತ ದಿನ ಅಂತಲೂ ಆಗುತ್ತದೆ. ನಮ್ಮ ಕೌಂಟರಿನಲ್ಲಿ ದಿನಾ ನಡೆಯುವ ಗಲಾಟೆ ಇದು.

ಅದಕ್ಕಿಂತ ದೊಡ್ಡ ಆಟ ಪೆಟ್ಟಿಗೆಯ ಮೇಲಿದೆ. ಅಮೆರಿಕದ ಫಸ್ಟ್ ರೆಸ್ಪಾನ್ಸ್ ಅನ್ನುವ ಕಿಟ್ ಪೆಟ್ಟಿಗೆಯಲ್ಲಿ ದೊಡ್ಡಕ್ಷರದಲ್ಲಿರುವುದು ಮುಟ್ಟು ತಪ್ಪಿದ ದಿನಕ್ಕಿಂತ 6 ದಿನ ಮೊದಲು ಅಂತ. ಸಣ್ಣಕ್ಷರದಲ್ಲಿ ಅದೇ, ಮುಟ್ಟು ಬರಬೇಕಾದ ದಿನಕ್ಕಿಂತ 5 ದಿನ ಮೊದಲು. ಬರಬೇಕಾದ ದಿನ ಸುಮ್ನೆ ಕಳೆದು, ಮಾರನೇ ದಿನದಿಂದ 'ತಪ್ಪಿತು' ಅಂತ ಲೆಕ್ಕ. ಒಂದು ದಿನ ಜಾಸ್ತಿ ಸಿಕ್ಕಿತು, ಅಲ್ವಾ? ಅವತ್ತು ನೋಡಿದರೆ ಬಸುರಿಯರಲ್ಲಿ ಶೇ. 76 ಮಂದಿಗೆ ಮಾತ್ರ ಗೊತ್ತಾಗುತ್ತದೆ ಅನ್ನುವುದೂ ಸಣ್ಣಕ್ಷರದಲ್ಲೇ. ಅಂದರೆ ನಾಲ್ವರು ಬಸುರಿಯರಲ್ಲಿ ಒಬ್ಬಳಿಗೆ 'ಇಲ್ಲ' ಅನ್ನುತ್ತದೆ. 'ಶೇ. 99 ನಿಖರ' ಅನ್ನುವ ಮಾತು ಮುಟ್ಟು ಬರಬೇಕಾದ ದಿನದಿಂದ ಮುಂದಕ್ಕೆ ಇಟ್ಟುಕೊಳ್ಳಿ.

ನರ್ಸ್, ಕೊಪ್ಪಳದ ಕಡೆ:

ಪದ ಹುಟ್ಟಿಸುವವರಿಗೆ ಒಂದು ಮಾತು. ಆಶಾ ಕಾರ್ಯಕರ್ತೆಯರು ಹಂಚುವ ಸರ್ಕಾರಿ ಕಿಟ್ ಹೆಸರು 'ನಿಶ್ಚಯ'. ದಿಲ್ಲಿಯಲ್ಲಿ ಕೂತವರಿಗೆ ಚೆಂದ ಕೇಳಿರಬೇಕು. ಹೊಸದರಲ್ಲಿ ನಾನು ಓಣಿಯಲ್ಲಿ ನಿಂತು 'ನಿಶ್ಚಯ ಮಾಡಿಕೊಂಡೆಯೇನವ್ವ?' ಅಂತ ಕೇಳಿದ್ದೆ. ಅವಳ ಅತ್ತೆ ಒಳಗಿನಿಂದ ಬಂದು, 'ಯಾರ ಲಗ್ನ ನಿಶ್ಚಯ ಆತ್ರೀ?' ಅಂದರು.

ನಮ್ಮಲ್ಲಿ ಹೆಣ್ಣುಮಕ್ಕಳು 'ತಿಂಗಳು ತಪ್ಪಿದೆ' ಅನ್ನುತ್ತಾರೆ. ಪೇಟೆಯವರು 'ಡೇಟ್ ಆಗಿಲ್ಲ' ಅನ್ನುತ್ತಾರೆ. ಋತುಸ್ರಾವ ಅಂತ ಒಬ್ಬಳ ಬಾಯಲ್ಲೂ ಕೇಳಿಲ್ಲ.

ನಿವೃತ್ತ ಅಧ್ಯಾಪಕರು, ಮೈಸೂರು:

ಫಲಕ ಬರೆಯುವುದು ಓಣಿಯ ಮಾತನ್ನು ದಾಖಲಿಸುವುದಕ್ಕಲ್ಲ. ವಿಜ್ಞಾನಕ್ಕೆ ಖಚಿತ ಪರಿಭಾಷೆ ಬೇಕು. 'ಹುಸಿ' ಬೇಡವಾದರೆ 'ಮಿಥ್ಯಾ ಧನಾತ್ಮಕ' ಇದೆ ಎಂದು ಆಗಲೇ ಹೇಳಿದ್ದೇನೆ.

ಬೆಂಗಳೂರಿನಿಂದ ಒಬ್ಬಳು:

ಸರ್, 2020ರಲ್ಲಿ ನಮ್ಮೂರಿನ ಎಂಬತ್ತು ದಾಟಿದ ಅಜ್ಜಿಯೂ 'ಪಕ್ಕದ ಮನೆಗೆ ಪಾಸಿಟಿವ್ ಬಂತಂತೆ' ಅಂದಳು. 'ಧನಾತ್ಮಕ' ಅಂದಿದ್ದರೆ ದುಡ್ಡು ಬಂತು ಅಂದುಕೊಳ್ಳುತ್ತಿದ್ದಳು.

ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. 'ಕೆಮಿಕಲ್ ಪ್ರೆಗ್ನೆನ್ಸಿ'ಯನ್ನು ನಿಮ್ಮನ್ನು ಬಿಟ್ಟು ಯಾರೂ ಮುಟ್ಟಲಿಲ್ಲ. 'ರಾಸಾಯನಿಕ ಗರ್ಭ' ಅಂದರೆ ಗೊಬ್ಬರದ ನೆನಪಾಗುತ್ತದೆ.

ನನ್ನ ತಂಗಿ, ಮುಟ್ಟಿಗೆ ಇನ್ನೂ 4 ದಿನ ಇರುವಾಗಲೇ ಕಿಟ್ ತಂದು ನೋಡಿದಳು. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಕಾಣುವ, ಕಿಟಕಿ ಹತ್ತಿರ ಹಿಡಿದರೆ ಕಾಣದ ಗೆರೆ. ಅಮ್ಮನಿಗೆ ಫೋನ್ ಹೋಯಿತು, ಅತ್ತೆಗೆ ಹೋಯಿತು. ಅತ್ತೆ ತುಪ್ಪದ ದೀಪ ಹಚ್ಚಿದರು. ಆರನೇ ದಿನ ಮುಟ್ಟಾದಳು. 'ಆ ಡಬ್ಬಿ ಸುಳ್ಳು ಹೇಳಿತು ಬಿಡು' ಅಂದರು ಅತ್ತೆ. ಸಮಾಧಾನ ಮಾಡಲಿಕ್ಕೇ ಅಂದದ್ದು. ತಂಗಿ ಇವತ್ತಿಗೂ ಕೇಳುತ್ತಾಳೆ, ಹಾಗಾದರೆ ಏನೂ ಆಗಿರಲೇ ಇಲ್ವಾ ಅಂತ.

ದಾವಣಗೆರೆಯವರು ಹೇಳಲಿ, ಅದು ಸುಳ್ಳಾ?

ಲ್ಯಾಬ್ ಟೆಕ್ನೀಶಿಯನ್, ದಾವಣಗೆರೆ:

ಅಲ್ಲ. ನಿಮ್ಮ ತಂಗಿಗಾದದ್ದು ಕೆಮಿಕಲ್ ಪ್ರೆಗ್ನೆನ್ಸಿಯೇ ಆಗಿದ್ದರೆ ಕಿಟ್ ನಿಜವನ್ನೇ ಹೇಳಿತ್ತು. ಅವತ್ತು ಹಾರ್ಮೋನ್ ಇತ್ತು. ಆಮೇಲೆ ಉಳಿಯಲಿಲ್ಲ.

ಇಲ್ಲದ ಬಸಿರನ್ನು ಕಿಟ್ ಇದೆ ಅನ್ನುವುದು ಅಪರೂಪ. ಮಕ್ಕಳಾಗಲು ಎಚ್‌ಸಿಜಿ ಇಂಜೆಕ್ಷನ್ ತಗೊಂಡಿದ್ದರೆ ಅದು ಮೈಯಿಂದ ಹೋಗುವ ತನಕ ಗೆರೆ ಬರುತ್ತದೆ. ಗರ್ಭಪಾತವಾಗಿ ಕೆಲವು ವಾರದವರೆಗೂ ಬರಬಹುದು. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಮತ್ತು ಕೆಲವು ಗೆಡ್ಡೆಗಳಲ್ಲಿ ಒಮ್ಮೊಮ್ಮೆ. ಹೆಚ್ಚುಕಡಿಮೆ ಅಷ್ಟೇ.

ಆದರೆ ನಿಮ್ಮ ತಂಗಿಯದರ ಹಾಗೆ ಆಗಿ ಉಳಿಯದ ಬಸಿರು ಎಷ್ಟು ಸಾಮಾನ್ಯ ಗೊತ್ತಾ? ಅಮೆರಿಕದಲ್ಲಿ 221 ಹೆಂಗಸರ ಮೂತ್ರವನ್ನು ದಿನದಿನವೂ ತೆಗೆದಿಟ್ಟು ಪರೀಕ್ಷಿಸಿ, 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಕಂಡ 198 ಬಸಿರುಗಳಲ್ಲಿ ಶೇ. 22, ಬಸಿರು ಅಂತ ಗೊತ್ತಾಗುವ ಮೊದಲೇ ಹೋಗಿದ್ದವು. 1970ರ ದಶಕದ ಕೊನೆಗೆ ಅಮೆರಿಕದ ಅಂಗಡಿಗೆ ಬಂದ ಮೊದಲ ಮನೆ ಕಿಟ್ ನೋಡಿದರೆ, ಮುಟ್ಟು ಬರಬೇಕಾದ ದಿನ ಕಳೆದು 9ನೇ ದಿನಕ್ಕೆ ಪರೀಕ್ಷೆ, ಉತ್ತರಕ್ಕೆ ಎರಡು ಗಂಟೆ ಕಾಯಬೇಕು. ನಿಮ್ಮ ತಂಗಿಯದು ಆ ಕಿಟ್‌ಗೆ ಕಾಣುತ್ತಲೇ ಇರಲಿಲ್ಲ.

ಬೆಂಗಳೂರಿನಿಂದ ಒಬ್ಬಳು:

ಅದಕ್ಕೇ ನಮ್ಮಲ್ಲಿ ಪದ ಇಲ್ಲ. ನಮ್ಮಜ್ಜಿಗೆ ಇದು 'ಈ ಸಲ ಎರಡು ದಿನ ತಡ', ಅಷ್ಟೇ. ಕಿಟ್ ಬಂದ ಮೇಲೆ ಇದಕ್ಕೊಂದು ಹೆಸರು ಬೇಕಾಯಿತು.

ಆದರೆ ಕ್ರಿಯಾಪದ ಇದೆಯಲ್ಲ. 'ಬಸಿರು ನಿಲ್ಲಲಿಲ್ಲ' ಅನ್ನುತ್ತೇವೆ. ಆಗಿತ್ತು, ನಿಲ್ಲಲಿಲ್ಲ. ಎಷ್ಟು ಚೆನ್ನಾಗಿದೆ ನೋಡಿ ಈ 'ನಿಲ್ಲು'. ಮುಟ್ಟು ನಿಂತಿತು ಅಂದರೆ ಬರುವುದು ಬಿಟ್ಟಿತು. ಬಸಿರು ನಿಂತಿತು ಅಂದರೆ ಹೋಗದೆ ಉಳಿಯಿತು. ನಿಂತು ಹೋದದ್ದೂ ಅದೇ, ನೆಲೆ ನಿಂತದ್ದೂ ಅದೇ. 'ನಿಲ್ಲದ ಬಸಿರು' ಅಂತ ಬರೆಯಿರಿ. ದಯವಿಟ್ಟು ಹುಸಿ, ಮಿಥ್ಯಾ ಎರಡೂ ಅದರ ಹತ್ತಿರ ಬರುವುದು ಬೇಡ.

ಅಚ್ಚಗನ್ನಡದ ಒಬ್ಬ, ಸಾಗರ:

'ನಿಲ್ಲದ ಬಸಿರು' ಒಳ್ಳೆಯ ಪದ. ಹುಸಿಬಸಿರು ವಾಪಸ್ ತಗೊಂಡೆ. ಆದರೆ ಇಶ್ಟೆಲ್ಲ ಅಚ್ಚಗನ್ನಡದಲ್ಲಿ ಸಿಗುವಾಗ 'ಹಾರ್ಮೋನ್' ಯಾಕೆ ಉಳಿಯಬೇಕು ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ನಿವೃತ್ತ ಅಧ್ಯಾಪಕರು, ಮೈಸೂರು:

ಮಹಾಪ್ರಾಣ ಬಿಟ್ಟು ಬರೆದರೆ ಭಾಷೆ ಅಚ್ಚ ಆಗುವುದಿಲ್ಲ, ಪ್ರೂಫ್ ನೋಡದ ಹಾಗೆ ಕಾಣುತ್ತದೆ. 'ಒಳಸುರಿ' ಎಂದರೆ ನನಗೆ ಒಳಗೆ ಸೋರುವ ಸೂರು ನೆನಪಾಯಿತು. ಮತ್ತು 'ಕಿಟ್' ಯಾವ ಶತಮಾನದ ಹಳಗನ್ನಡ?

ಅಚ್ಚಗನ್ನಡದ ಒಬ್ಬ, ಸಾಗರ:

ಸಂಸ್ಕ್ರುತದ ಸಾಲ ಆದರೆ ಸಂಪತ್ತು, ಬೇರೆಯವರದ್ದಾದರೆ ಕಲಬೆರಕೆ. ಗೊತ್ತಾಯಿತು ಬಿಡಿ.

ನರ್ಸ್, ಕೊಪ್ಪಳದ ಕಡೆ:

ದವಾಖಾನೆ ಫಾರ್ಸಿಯಿಂದ ಬಂತು, ಆಸ್ಪತ್ರೆ ಕಡಲಾಚೆಯಿಂದ ಬಂತು, ಗರ್ಭ ಸಂಸ್ಕೃತದಿಂದ ಬಂತು. ಮೂರೂ ಬಳಸುವವಳು ಒಬ್ಬಳೇ ಬಸುರಿ. ಅವಳಿಗೆ ಏನೂ ತೊಂದರೆ ಆಗಿಲ್ಲ. ಅನುವಾದಕಿ ಅಕ್ಕನ ಪ್ರಿಂಟಿಗೆ ತಡ ಆಗುತ್ತಿದೆ, ಅಷ್ಟು ನೋಡಿರಿ.

ಅನುವಾದಕಿ, ಹುಬ್ಬಳ್ಳಿ:

ಎಲ್ಲರಿಗೂ ವಂದನೆ. 'ಸೆನ್ಸಿಟಿವ್'ಗೆ ಕೊನೆಗೂ ಪದ ಇಡಲಿಲ್ಲ, ಬಿಡಿಸಿ ಬರೆದೆ. ಹೀಗಾಗಿದೆ:

'ಕೆಲವು ಕಿಟ್‌ಗಳು ತೀರಾ ಸ್ವಲ್ಪ ಹಾರ್ಮೋನ್ ಇದ್ದರೂ ಹಿಡಿಯುತ್ತವೆ. ಹಿಡಿದದ್ದೆಲ್ಲ ನಿಲ್ಲುತ್ತದೆ ಎಂದಲ್ಲ. ಬೇಗ ನೋಡಿ ಗೆರೆ ಬರದಿದ್ದರೆ ಬಸಿರಿಲ್ಲ ಎಂದೂ ಅಲ್ಲ. ಮುಟ್ಟು ಬರಬೇಕಾಗಿದ್ದ ದಿನ ಕಳೆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಕಿಟ್‌ನ ಚೀಟಿಯಲ್ಲಿ ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ 5 ನಿಮಿಷಕ್ಕೆ, ಗೆರೆ ಓದಿ. 10 ನಿಮಿಷ ಕಳೆದ ಮೇಲೆ ಕಾಣುವುದು ಒಣಗೆರೆ ಇರಬಹುದು, ಲೆಕ್ಕಕ್ಕೆ ತಗೊಳ್ಳಬೇಡಿ. ಗೆರೆ ಮಬ್ಬಾಗಿದ್ದರೆ ಎರಡು ದಿನ ಬಿಟ್ಟು ಮತ್ತೆ ನೋಡಿ. ಗೆರೆ ಬಂದು, ಆಮೇಲೆ ಹೊಟ್ಟೆನೋವು ಅಥವಾ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ.'

'ನಿಲ್ಲದ ಬಸಿರು' ಚೀಟಿಯ ಹಿಂಬದಿಯಲ್ಲಿದೆ, ಮೂರು ಸಾಲು. ಡಾಕ್ಟರಮ್ಮ ಆ ಮೂರು ಸಾಲನ್ನು ಎರಡು ಸಲ ಓದಿ, ಇದೊಂದು ಹಾಗೇ ಇರಲಿ ಅಂದರು. 'ನಸುಗೆರೆ'ಗೆ ಕಂಪೋಸಿಟರ್ 'ಏನ್ ಮೇಡಂ, ನಾಸಿಕ್ ಗೆರೆನಾ?' ಅಂದ, ಅದಕ್ಕೇ ಮಬ್ಬು. ಸಾಗರದವರು ಕ್ಷಮಿಸಬೇಕು.

ನರ್ಸ್, ಕೊಪ್ಪಳದ ಕಡೆ:

ಚಲೋ ಆಗಿದೆ ಅಕ್ಕ. ಒಂದೇ ಒಂದು. ನಮ್ಮ ಕಡೆ 'ಗೆರೆ' ಅನ್ನುವುದು ಕಡಿಮೆ. 'ಒಂದು ಗೀಟು ಬಂತು, ಎರಡು ಗೀಟು ಬಂತು' ಅಂತಲೇ ಅನ್ನುತ್ತಾರೆ. ತಿದ್ದಲಿಕ್ಕೆ ಆಗುತ್ತದಾ?

ಅನುವಾದಕಿ, ಹುಬ್ಬಳ್ಳಿ:

ಪ್ಲೇಟ್ ಹೋಗಿಯಾಯಿತು.

ಅಚ್ಚಗನ್ನಡದ ಒಬ್ಬ, ಸಾಗರ:

ಗೀಟು ಎಲ್ಲಿಂದ ಬಂತು ಅನ್ನುವುದಕ್ಕೆ ಬೇರೆ ಎಳೆ ಶುರು ಮಾಡುತ್ತಿದ್ದೇನೆ. ಗೀರು, ಗೀಚು, ಗೀಟು ಮೂರೂ ಅಲ್ಲಿಗೆ ಬರಲಿ.