ನೊಸ್ಫೆರಾಟು (1922): ಹಗಲಲ್ಲೇ ಓಡಾಡುವ ಓರ್ಲೋಕ್ ಕೊನೆಗೆ ಬಿಸಿಲಿಗೆ ಸಾಯುವುದು ಹೇಗೆ?

ಕಪ್ಪುಬಿಳುಪು:
ಮುರ್ನೌ ನಿರ್ದೇಶಿಸಿದ ಈ ಜರ್ಮನ್ ಮೂಕಿಚಿತ್ರದ 64 ನಿಮಿಷದ ಕಪ್ಪು-ಬಿಳುಪು ಪ್ರತಿ ನನ್ನ ಹತ್ತಿರ ಇದೆ. ರಕ್ತಪಿಶಾಚಿ ಓರ್ಲೋಕ್ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ಹೋಗುವಾಗ ಪಕ್ಕಾ ಹಗಲು. ಕ್ಲೈಮ್ಯಾಕ್ಸಿನಲ್ಲಿ ಬಿಸಿಲು ತಾಗಿದ್ದೇ ಮಾಯ. ಕಥೆಯಲ್ಲೇ ಎಡವಟ್ಟಾ? ಜನರೆಲ್ಲ ದಡಬಡ ಓಡುತ್ತಾರೆ, ಪ್ಲೇಯರಿನಲ್ಲಿ ವೇಗ ತಗ್ಗಿಸಿದರೆ ಸರಿಹೋಗುತ್ತಾ?

ರೀಲುಪೆಟ್ಟಿಗೆ:
ಎಡವಟ್ಟು ಕಥೆಯದ್ದಲ್ಲ, ನಿಮ್ಮ ಪ್ರತಿಯದ್ದು. ಅದು ರಾತ್ರಿಯ ದೃಶ್ಯ. ಆಗಿನ ಫಿಲ್ಮಿಗೆ ಕತ್ತಲಲ್ಲಿ ಬೀದಿಯನ್ನು ಹಿಡಿಯುವಷ್ಟು ಸೂಕ್ಷ್ಮತೆ ಇರಲಿಲ್ಲ. ಹಾಗಾಗಿ ಜರ್ಮನಿಯ ವಿಸ್ಮಾರ್, ಲ್ಯೂಬೆಕ್ ಊರುಗಳ ಹೊರಾಂಗಣ ರಾತ್ರಿಗಳನ್ನು ಹಗಲಲ್ಲೇ ಚಿತ್ರೀಕರಿಸಿ, ಪ್ರಿಂಟಿನ ಆ ತುಂಡುಗಳನ್ನು ನೀಲಿ ಬಣ್ಣದ ದ್ರಾವಣದಲ್ಲಿ ಅದ್ದಿದರು. ದೀಪದ ಬೆಳಕಿಗೆ ಹಳದಿ, ಮುಂಜಾವಿಗೆ ಗುಲಾಬಿ. ಆಮೇಲೆ ಯಾರೋ ಅದನ್ನು ಕಪ್ಪು-ಬಿಳುಪು ಫಿಲ್ಮಿಗೆ ನಕಲು ಮಾಡಿದಾಗ ಬಣ್ಣ ಹೋಯಿತು, ಬಣ್ಣದ ಜೊತೆ ರಾತ್ರಿಯೂ ಹೋಯಿತು. ಚಿತ್ರೀಕರಣಕ್ಕೆ ಬಳಸಿದ ಫಿಲ್ಮ್ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತಿದ್ದರಿಂದ ಆಕಾಶ ಬೆಳ್ಳಗೆ ಬಂದು ಹಗಲು ಇನ್ನಷ್ಟು ಎದ್ದು ಕಾಣುತ್ತದೆ.

ಬಣ್ಣವಿಲ್ಲದೆ ಈ ಚಿತ್ರ ನೋಡುವುದು ಅನ್ಯಾಯ. ಈ ಚಿತ್ರ ಅನುಮತಿಯಿಲ್ಲದೆ ಆಧರಿಸಿದ ಬ್ರಾಮ್ ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ತಿರುಗಾಡಬಲ್ಲ. ಬಿಸಿಲಿಗೆ ಸಾಯುವ ರಕ್ತಪಿಶಾಚಿ ಈ ಚಿತ್ರದ ಕೊಡುಗೆ. ನೀಲಿ ಹೋದರೆ ಆ ಕೊಡುಗೆಗೇ ಅರ್ಥವಿಲ್ಲ.

ಹದಿನೆಂಟು_ಫ್ರೇಮ್:
ವೇಗದ ಲೆಕ್ಕ ಹೀಗೆ. ಪುನರುಜ್ಜೀವಿತ ಪ್ರತಿಯ ಅವಧಿ, ಸೆಕೆಂಡಿಗೆ 18 ಫ್ರೇಮಿನಂತೆ ಸುಮಾರು 94 ನಿಮಿಷ. ಅದನ್ನೇ ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ 70 ಚಿಲ್ಲರೆ ನಿಮಿಷ. ನಿಮ್ಮದು 24ರದ್ದಾದರೆ ಪ್ಲೇಯರಿನಲ್ಲಿ 0.75 ಇಟ್ಟು, ಸಂಗೀತ ಎಳೆಯುವುದರಿಂದ ಮ್ಯೂಟ್ ಮಾಡಿ. ಆದರೂ 85 ನಿಮಿಷವಷ್ಟೇ ಆಗುತ್ತದೆ, ಉಳಿದದ್ದು ಕತ್ತರಿಸಿಹೋಗಿದೆ. ಮೊದಲು ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿ. ಮೂರು ಫ್ರೇಮ್ ಚಲಿಸಿ ನಾಲ್ಕನೆಯದು ಹಾಗೇ ನಿಂತಿದ್ದರೆ ಫ್ರೇಮ್ ಪುನರಾವರ್ತಿಸಿ ವೇಗವನ್ನು ಆಗಲೇ ಸರಿಪಡಿಸಿದ್ದಾರೆ ಎಂದರ್ಥ. ಮತ್ತೆ ತಗ್ಗಿಸಿದರೆ ಎಲ್ಲ ತೂಕಡಿಸಿದಂತೆ ಕಾಣುತ್ತದೆ.

ಓರ್ಲೋಕನ ಸಾರೋಟು, ಪೆಟ್ಟಿಗೆಗಳನ್ನು ಗಾಡಿಗೆ ಏರಿಸುವ ದೃಶ್ಯ ಮಾತ್ರ ಯಾವ ಪ್ರತಿಯಲ್ಲೂ ಗಡಗಡನೆ ಓಡುತ್ತವೆ. ಅದು ಬೇಕೆಂದೇ ಮಾಡಿದ್ದು. ಕಾಡಿನ ಮರಗಳು ಬೆಳ್ಳಗಾಗುವುದೂ ಕೆಟ್ಟ ಪ್ರಿಂಟಿನಿಂದಲ್ಲ, ಅಲ್ಲಿ ನೆಗೆಟಿವನ್ನೇ ಬಳಸಿದ್ದಾರೆ.

ಕಪ್ಪುಬಿಳುಪು:
ನಾಲ್ಕನೆಯದು ನಿಂತಿಲ್ಲ, ಹಾಗಾದರೆ 24ರದ್ದೇ. ಯಾವ ಪ್ರತಿ ಹುಡುಕಲಿ?

ರೀಲುಪೆಟ್ಟಿಗೆ:
ಮುರ್ನೌ ಪ್ರತಿಷ್ಠಾನಕ್ಕಾಗಿ ಲೂಸಿಯಾನೊ ಬೆರಿಯಾತೂವಾ 2005-06ರಲ್ಲಿ ಪುನರುಜ್ಜೀವನಗೊಳಿಸಿದ್ದು. ಸ್ಟೋಕರ್ ಪತ್ನಿ ಫ್ಲಾರೆನ್ಸ್ ಹೂಡಿದ ಹಕ್ಕುಸ್ವಾಮ್ಯದ ದಾವೆಯಲ್ಲಿ 1925ರಲ್ಲಿ ಎಲ್ಲ ಪ್ರಿಂಟುಗಳನ್ನೂ ನಾಶ ಮಾಡಲು ಆದೇಶವಾಗಿತ್ತು. ಹಾಗಿದ್ದೂ ಫ್ರಾನ್ಸಿನಲ್ಲಿ ಬಣ್ಣದ ಒಂದು ಪ್ರಿಂಟ್ ಉಳಿದಿತ್ತು, ಇದಕ್ಕೆ ಅದೇ ಆಧಾರ. ಹಾನ್ಸ್ ಎರ್ಡ್‌ಮನ್‌ರ ಮೂಲ ಸಂಗೀತದ ಮರುಜೋಡಣೆಯೂ ಇದೆ. ಗುರುತು ಹಿಡಿಯಲು ದೃಶ್ಯಗಳ ನಡುವೆ ಬರುವ ಬರಹದ ಫಲಕ ನೋಡಿ: ಪಾತ್ರಗಳ ಹೆಸರು ಹುಟರ್, ಎಲೆನ್, ನಾಕ್ ಎಂದಿರಬೇಕು. ಹಾರ್ಕರ್, ಡ್ರಾಕುಲಾ ಎಂದಿದ್ದರೆ ಅದು ಹಳೆಯ ಅಮೆರಿಕನ್ ಪ್ರತಿಯ ನಕಲು, ಬಿಟ್ಟುಬಿಡಿ.