45 ಪೌಂಡ್ ರಿಕರ್ವ್‌ಗೆ ಯಾವ ಬ್ರಾಡ್‌ಹೆಡ್? ಎಷ್ಟು ಮಸೆದರೂ ಕೈಕೂದಲು ಬೋಳಾಗುತ್ತಿಲ್ಲ

ಹೊಸಗರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ರಿಕರ್ವ್ ಬಿಲ್ಲಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಈ ಸೀಸನ್‌ಗೆ ಮೊದಲ ಸಲ ಜಿಂಕೆ ಬೇಟೆಯ ಪರವಾನಗಿ ಸಿಕ್ಕಿದೆ. ಬಿಲ್ಲಿನ ಎಳೆಬಲ 28 ಇಂಚಿನ ಎಳೆತಕ್ಕೆ 45 ಪೌಂಡ್. ಕಾರ್ಬನ್ ಬಾಣ, 125 ಗ್ರೇನ್ ಫೀಲ್ಡ್ ಪಾಯಿಂಟ್ (ಅಭ್ಯಾಸಕ್ಕೆ ಬಳಸುವ ಅಲಗಿಲ್ಲದ ಮೊನೆ) ಸೇರಿ ಒಟ್ಟು ತೂಕ 460 ಗ್ರೇನ್.

ಎರಡಲಗಿನ ಬ್ರಾಡ್‌ಹೆಡ್ (ಬೇಟೆಬಾಣದ ಅಲಗುಳ್ಳ ಮೊನೆ) ಒಂದು ಡಬ್ಬಿ, ಮೂರಲಗಿನದು ಒಂದು ಡಬ್ಬಿ ತಂದಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ? ಸಿಂಗಲ್ ಬೆವೆಲ್ಲೇ (ಒಂದೇ ಮಗ್ಗುಲಿಗೆ ಇಳಿಜಾರಾಗಿ ಮಸೆದ ಅಲಗು) ಬೇಕು ಅಂತ ಕೆಲವರು ಹೇಳುತ್ತಾರೆ, ಅದು ನಿಜವಾ?

ಇನ್ನೊಂದು ತೊಂದರೆ ಹರಿತದ್ದು. ಎರಡಲಗಿನದನ್ನು ಅರದಿಂದ ಉಜ್ಜಿ, ಆಮೇಲೆ ಸಾಣೆಕಲ್ಲಿನ ಮೇಲೆ ಒಂದು ಗಂಟೆ ಮಸೆದೆ. ಕಾಗದ ಕತ್ತರಿಸುತ್ತೆ, ಆದರೆ ಹರಿದ ಹಾಗೆ. ಕೈಮೇಲಿನ ಒಂದು ಕೂದಲೂ ಹೋಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹಳೇಲಾಂಗ್‌ಬೋ ಉತ್ತರ:

ಹರಿತದ ಮಾತು ಮೊದಲು. ಉಳಿದಿದ್ದೆಲ್ಲ ಅದರ ಹಿಂದೆ.

ನಿಮಗೆ ಬರ್ ಸಿಗುತ್ತಿಲ್ಲ. ಒಂದು ಮಗ್ಗುಲನ್ನು ಉಜ್ಜುತ್ತಾ ಹೋದರೆ ಅಲಗಿನ ಬಾಯಿ ತೆಳ್ಳಗಾಗಿ, ಉಕ್ಕಿನ ಒಂದು ಸಣ್ಣ ಎಳೆ ಆಚೆ ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಅದೇ ಬರ್. ಕಣ್ಣಿಗೆ ಕಾಣುವುದು ಕಷ್ಟ. ಹೆಬ್ಬೆರಳನ್ನು ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಆಚೆಗೆ ಸರಿಸಿ ನೋಡಿ, ತಡೆದ ಹಾಗೆ ಆಗುತ್ತೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಓಡಿಸಬೇಡಿ. ಹಿಂಬದಿಯಿಂದ ತುದಿಯವರೆಗೂ ಬರ್ ಸಿಗುವ ತನಕ ಮಗ್ಗುಲು ಬದಲಿಸಬಾರದು. ಹೆಚ್ಚಿನವರು ಐದು ಸಲ ಈ ಕಡೆ, ಐದು ಸಲ ಆ ಕಡೆ ಅಂತ ಲೆಕ್ಕ ಹಾಕಿ ಉಜ್ಜುತ್ತಾರೆ. ಎರಡು ಮಗ್ಗುಲೂ ಹೊಳೆಯುತ್ತವೆ, ನಡುವೆ ಬಾಯಿ ಮಾತ್ರ ಮೊಂಡಾಗೇ ಉಳಿದಿರುತ್ತದೆ. ನಿಮ್ಮದೂ ಹಾಗೇ ಆಗಿದೆ ಅನ್ನಿಸುತ್ತೆ.

ಒಂದು ಮಾರ್ಕರ್ ಪೆನ್ ತಗೊಂಡು ಬೆವೆಲ್‌ಗೆ ಪೂರ್ತಿ ಕಪ್ಪು ಬಳಿಯಿರಿ. ಎರಡು ಸಲ ಉಜ್ಜಿ ನೋಡಿ. ಬಾಯಿಯ ಪಕ್ಕದಲ್ಲೇ ಮಸಿ ಉಳಿದಿದ್ದರೆ ನೀವು ಬೆವೆಲ್‌ನ ಹಿಂಭಾಗವನ್ನು ಮಾತ್ರ ತಿನ್ನುತ್ತಿದ್ದೀರಿ, ಕೋನ ಸ್ವಲ್ಪ ಎತ್ತಬೇಕು. ಬಾಯಿಯಲ್ಲಿ ಮಾತ್ರ ಮಸಿ ಹೋಗಿದ್ದರೆ ಜಾಸ್ತಿ ಎತ್ತಿದ್ದೀರಿ. ಎರಡಲಗಿನದಕ್ಕೆ ಮಗ್ಗುಲಿಗೆ 20ರಿಂದ 25 ಡಿಗ್ರಿ ಸರಿ. ಕೈಯಲ್ಲಿ ಅದೇ ಕೋನ ನಿಲ್ಲದಿದ್ದರೆ ರೋಲರ್ ಇರುವ ಜಿಗ್ ತಗೊಳ್ಳಿ. ನಾನು ಈಗಲೂ ಜಿಗ್ ಬಳಸುತ್ತೇನೆ.

ಅರ ಒಂದೇ ದಿಕ್ಕಿಗೆ ಕಚ್ಚುತ್ತದೆ. ಅರವನ್ನು ಮೇಜಿನ ಮೇಲಿಟ್ಟು ಉಜ್ಜುವುದಾದರೆ ಅದರ ತುದಿಯಿಂದ ಹಿಡಿಯ ಕಡೆಗೆ ಬನ್ನಿ, ವಾಪಸ್ ಹೋಗುವಾಗ ಎತ್ತಿಬಿಡಿ. ಹಲ್ಲುಗಳಿಗೆ ಸೀಮೆಸುಣ್ಣ ಸವರಿದರೆ ಉಕ್ಕಿನ ಪುಡಿ ಸಿಕ್ಕಿಕೊಳ್ಳುವುದಿಲ್ಲ. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತಿದ್ದರೆ ನಿಮ್ಮ ಬ್ರಾಡ್‌ಹೆಡ್‌ನ ಉಕ್ಕು ಗಟ್ಟಿ, ಅದಕ್ಕೆ ಡೈಮಂಡ್ ಕಲ್ಲೇ ಬೇಕು. ಅರ ಆದಮೇಲೆ 300, 600, 1000 ನಂಬರಿನ ಕಲ್ಲು. ಪ್ರತಿ ಕಲ್ಲಿನಲ್ಲೂ ಬರ್ ಮತ್ತೆ ಬರಬೇಕು, ಆದರೆ ಸಲಸಲಕ್ಕೂ ಸಣ್ಣದಾಗಬೇಕು. ಒತ್ತಡವನ್ನೂ ಕಮ್ಮಿ ಮಾಡುತ್ತಾ ಬನ್ನಿ, ಕೊನೆಗೆ ಬ್ರಾಡ್‌ಹೆಡ್‌ನ ಸ್ವಂತ ಭಾರ ಮಾತ್ರ ಸಾಕು. ಕೊನೆಯಲ್ಲಿ ಚರ್ಮದ ಪಟ್ಟಿಗೆ ಹಸಿರು ಪಾಲಿಶ್ ಹಚ್ಚಿ, ಬಾಯಿ ಹಿಂದಾಗಿ ಎಳೆಯಿರಿ. ಉಳಿದ ಬರ್ ಅಲ್ಲಿ ಕಳಚಿಹೋಗುತ್ತೆ.

ಕೂದಲು ಬೋಳಿಸುವ ಪರೀಕ್ಷೆ ಚೆನ್ನಾಗಿದೆ, ಆದರೆ ನಾನು ನಂಬುವುದು ರಬ್ಬರ್ ಬ್ಯಾಂಡನ್ನು. ಒಂದು ಡಬ್ಬದ ಬಾಯಿಗೆ ಸಡಿಲವಾಗಿ ಹಾಕಿ, ಅಲಗನ್ನು ಮೇಲಿಂದ ಸುಮ್ನೆ ತಾಗಿಸಿ. ಮೊಂಡು ಅಲಗು ಅದನ್ನು ತಳ್ಳಿಕೊಂಡು ಹೋಗುತ್ತದೆ. ಹರಿತದ್ದು ತಾಗಿದ ಕೂಡಲೇ ಕತ್ತರಿಸುತ್ತದೆ. ಪ್ರಾಣಿಯ ಒಳಗೆ ರಕ್ತನಾಳಗಳಿಗೂ ಇದೇ ಆಗುವುದು. ಗುಂಡಿನ ಹೊಡೆತದಲ್ಲಿರುವ ಆಘಾತ ಬಾಣಕ್ಕೆ ಇಲ್ಲ. ರಕ್ತ ಹರಿದೇ ಪ್ರಾಣಿ ಸಾಯಬೇಕು. ಮೊಂಡು ಅಲಗಿನ ಮುಂದೆ ನಾಳಗಳು ಪಕ್ಕಕ್ಕೆ ಸರಿದುಬಿಡುತ್ತವೆ.

ಇದನ್ನು ನಾನು ಕಲಿತಿದ್ದು ಒಂದು ಹೆಣ್ಣು ಜಿಂಕೆಯಿಂದ. ಹದಿನಾರು ಹೆಜ್ಜೆ ದೂರ, ಅಡ್ಡಲಾಗಿ ನಿಂತಿತ್ತು. ಬಾಣ ಆರುಪಾರು ಹೋಯಿತು. ಆ ಬ್ರಾಡ್‌ಹೆಡ್ ಮಸೆದು ಒಂದು ತಿಂಗಳಾಗಿತ್ತು. ಅಷ್ಟೂ ದಿನ ಬತ್ತಳಿಕೆಯ ಫೋಮ್‌ನಲ್ಲಿ ಕೂತಿತ್ತು, ನಡುವೆ ಎರಡು ಸಲ ಮಳೆಯಲ್ಲಿ ನೆನೆದಿತ್ತು. ನಾನು ತೆಗೆದು ನೋಡಿರಲಿಲ್ಲ. ಹನಿ ಹನಿ ರಕ್ತ ನೂರು ಹೆಜ್ಜೆವರೆಗೆ ಕಂಡಿತು, ಆಮೇಲೆ ಇಲ್ಲ. ಕತ್ತಲಾಗುವ ತನಕ ಹುಡುಕಿದೆ. ಮಾರನೇ ದಿನ ಗೆಳೆಯನ ನಾಯಿಯ ಜೊತೆ ಸಂಜೆವರೆಗೆ ಹುಡುಕಿದೆ. ಬಾಣ ಸಿಕ್ಕಿತು, ಜಿಂಕೆ ಸಿಗಲಿಲ್ಲ. ಮನೆಗೆ ಬಂದು ಅದೇ ಬತ್ತಳಿಕೆಯ ಇನ್ನೊಂದು ಬಾಣದ ಅಲಗನ್ನು ಉಗುರಿನ ಮೇಲಿಟ್ಟರೆ ಕಚ್ಚಲೇ ಇಲ್ಲ, ಜಾರಿತು. ಆ ಸಂಜೆಯನ್ನು ಇವತ್ತಿಗೂ ಮರೆತಿಲ್ಲ.

ಇನ್ನು ಆಯ್ಕೆ. 45 ಪೌಂಡಿಗೆ ಎರಡಲಗಿನದನ್ನೇ ಇಟ್ಟುಕೊಳ್ಳಿ. ಉದ್ದವಾಗಿ, ಕಿರಿದಾಗಿ ಇರಲಿ. ಅಗಲದ ಮೂರರಷ್ಟು ಉದ್ದ ಅನ್ನುವುದು ಹಳೆಯ ಅಳತೆ. ಎಲ್ಲದಕ್ಕೂ ಅದು ಸಿಗುವುದಿಲ್ಲ, ಹತ್ತಿರ ಇದ್ದರೆ ಸಾಕು. ಅಗಲ 1 1/8 ಇಂಚಿನ ಆಸುಪಾಸು. ಎಷ್ಟೋ ಕಡೆ 7/8 ಇಂಚಿಗಿಂತ ಕಮ್ಮಿ ಅಗಲಕ್ಕೆ ಅನುಮತಿ ಇಲ್ಲ, ನಿಮ್ಮ ಪರವಾನಗಿಯಲ್ಲಿ ನೋಡಿಕೊಳ್ಳಿ. ಸಿಂಗಲ್ ಬೆವೆಲ್ ಬಗ್ಗೆ ಜನ ಮಾತಾಡುವುದಕ್ಕೆ ಬೇಟೆಬಾಣ ಎಷ್ಟು ಆಳಕ್ಕೆ ಹೋಗುತ್ತೆ ಅಂತ ಪರೀಕ್ಷಿಸಿದ ಎಡ್ ಆಶ್ಬಿಯವರ ಪ್ರಯೋಗಗಳೇ ದೊಡ್ಡ ಕಾರಣ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಅವರು ಶುರು ಮಾಡಿದ್ದು. ಒಂದೇ ಮಗ್ಗುಲಿಗೆ ಬೆವೆಲ್ ಇದ್ದರೆ ಬ್ರಾಡ್‌ಹೆಡ್ ಒಳಗೆ ತಿರುಗುತ್ತಾ ಹೋಗುತ್ತದೆ, ಮೂಳೆ ಸಿಕ್ಕರೆ ಸೀಳುತ್ತದೆ. ದೊಡ್ಡ ಪ್ರಾಣಿಗೆ ಅದು ನಿಜಕ್ಕೂ ಲಾಭ. ಜಿಂಕೆಗೆ ಅದೇ ಬೇಕು ಅಂತಿಲ್ಲ. ತಗೊಳ್ಳುವುದಾದರೆ ಗರಿಯ ತಿರುವು ಬಲಕ್ಕಿದ್ದರೆ ಬಲ ಬೆವೆಲ್, ಎಡಕ್ಕಿದ್ದರೆ ಎಡ ಬೆವೆಲ್. ಅದಲುಬದಲಾದರೆ ಒಂದು ಇನ್ನೊಂದನ್ನು ತಡೆಯುತ್ತೆ.

ಪ್ಯಾಕೆಟ್‌ನಿಂದ ತೆಗೆದದ್ದನ್ನು ಹಾಗೇ ಬಳಸಬೇಡಿ. ಎಷ್ಟೇ ಹರಿತ ಅಂತ ಬರೆದಿದ್ದರೂ ರಬ್ಬರ್ ಬ್ಯಾಂಡ್ ಮುಟ್ಟಿಸಿ ನೋಡಿ.

ಮುಮ್ಮೊನೆ ಉತ್ತರ:

ಮೇಲಿನವರು ಹೇಳಿದ್ದು ಸರಿ, ಆದರೆ ಮೂರಲಗಿನ ಪರವಾಗಿ ಒಂದು ಮಾತು. ಹೊಸಬರಿಗೆ ಮಸೆಯಲು ಅದರಷ್ಟು ಸುಲಭ ಬೇರೆ ಇಲ್ಲ. ಎರಡು ಅಲಗು ಒಟ್ಟಿಗೆ ಕಲ್ಲಿಗೆ ತಾಗುವ ಹಾಗೆ ಮಲಗಿಸಿ ಉಜ್ಜಿ, ತಿರುಗಿಸಿ, ಮತ್ತೆ ಉಜ್ಜಿ. ಕೋನ ತಾನಾಗೇ ಕೂರುತ್ತದೆ, ಜಿಗ್ ಬೇಡ. ಒಂದು ತುಂಡು ಬಾಣಕ್ಕೆ ತಿರುಗಿಸಿ ಹಾಕಿದರೆ ಹಿಡಿಯಲು ಚೆನ್ನ, ಬೆರಳೂ ಉಳಿಯುತ್ತೆ. ಗಾಯ ಮುಚ್ಚಿಕೊಳ್ಳುವುದಿಲ್ಲ, ರಕ್ತದ ಜಾಡು ಚೆನ್ನಾಗಿ ಸಿಗುತ್ತೆ.

ಕೊರತೆಯನ್ನೂ ಹೇಳಬೇಕು. ಹಾಗೆ ಮಲಗಿಸಿ ಮಸೆದರೆ ಬಾಯಿಯ ಒಟ್ಟು ಕೋನ 60 ಡಿಗ್ರಿ ಆಗುತ್ತದೆ. ಎರಡಲಗಿನದಕ್ಕೆ 40ರಿಂದ 50. ಮೂರಲಗಿನದಕ್ಕೆ ಒಳಗೆ ಹೋಗಲು ಜಾಸ್ತಿ ಬಲವೂ ಬೇಕು. ನನ್ನ ಬಿಲ್ಲು 57 ಪೌಂಡ್, ಬಾಣ 600 ಗ್ರೇನ್ ಮೇಲಿದೆ, ಹಾಗಾಗಿ ಧೈರ್ಯವಾಗಿ ಬಳಸುತ್ತೇನೆ. 45 ಪೌಂಡ್, 460 ಗ್ರೇನ್‌ಗೆ ನಾನೂ ಎರಡಲಗಿನದನ್ನೇ ಹೇಳುವೆ.

ಹೊಸಗರಿ:

ಮಾರ್ಕರ್ ಬಳಿದು ನೋಡಿದೆ. ಬಾಯಿಯ ಉದ್ದಕ್ಕೂ ಕೂದಲೆಳೆಯಷ್ಟು ಕಪ್ಪು ಗೆರೆ ಹಾಗೇ ಇತ್ತು! ಒಂದು ಗಂಟೆ ಉಜ್ಜಿದ್ದೂ ಬಾಯಿಗೆ ತಾಗಿರಲೇ ಇಲ್ಲ. ಜಿಗ್ ಹಾಕಿ ಬರ್ ಬರುವ ತನಕ ಕಾದೆ. ನಿನ್ನೆ ರಾತ್ರಿ ರಬ್ಬರ್ ಬ್ಯಾಂಡ್ ತಾಗಿದ ಕೂಡಲೇ ಪಟ್ ಅಂತ ಹೋಯಿತು. ತುಂಬಾ ಖುಷಿಯಾಯಿತು.

ಇನ್ನೊಂದು ಅನುಮಾನ. 20 ಗಜದಲ್ಲಿ ಫೀಲ್ಡ್ ಪಾಯಿಂಟ್ ನಡುವಿಗೆ ಬೀಳುತ್ತೆ, ಅಷ್ಟೇ ತೂಕದ ಬ್ರಾಡ್‌ಹೆಡ್ ನಾಲ್ಕು ಇಂಚು ಬಲಕ್ಕೆ ಹೋಗುತ್ತೆ. ನಾನು ಬಲಗೈಯವನು. ಗುರಿಯನ್ನೇ ಎಡಕ್ಕೆ ಸರಿಸಿಕೊಂಡರೆ ಆಗುತ್ತಾ?

ಹಳೇಲಾಂಗ್‌ಬೋ:

ಬೇಡ, ಗುರಿ ಸರಿಸಬೇಡಿ. ಮೊದಲು ಬಾಣದ ತುದಿಯನ್ನು ಗಟ್ಟಿ ಹಲಗೆಯ ಮೇಲೆ ನಿಲ್ಲಿಸಿ ಬುಗುರಿ ಹಾಗೆ ತಿರುಗಿಸಿ. ಶಾಫ್ಟ್ (ಬಾಣದ ಕಡ್ಡಿ) ಅಲುಗಾಡಿದರೆ ಬ್ರಾಡ್‌ಹೆಡ್ ನೆಟ್ಟಗೆ ಕೂತಿಲ್ಲ. ಅದು ಸರಿ ಇದ್ದರೆ ಗರಿ ಇಲ್ಲದ ಬಾಣ ಬಿಟ್ಟು ನೋಡಿ. ಅದೂ ಬಲಕ್ಕೆ ಹೋದರೆ ನಿಮ್ಮ ಶಾಫ್ಟ್ ಮೆತ್ತಗಿದೆ, ಎಳೆತಕ್ಕೆ ಜಾಸ್ತಿ ಬಾಗುತ್ತಿದೆ. ಫೀಲ್ಡ್ ಪಾಯಿಂಟ್‌ನಲ್ಲಿ ಗರಿ ಅದನ್ನು ಮುಚ್ಚಿಹಾಕುತ್ತೆ. ಬ್ರಾಡ್‌ಹೆಡ್‌ನ ಅಲಗು ಮುಂದೆ ಗಾಳಿ ಹಿಡಿಯುವುದರಿಂದ ತಪ್ಪು ಬಯಲಿಗೆ ಬರುತ್ತೆ. ಶಾಫ್ಟ್‌ನ ಉದ್ದ ಉಳಿದಿದ್ದರೆ ಕಾಲು ಇಂಚು ಕಾಲು ಇಂಚಾಗಿ ಕತ್ತರಿಸುತ್ತಾ ಬನ್ನಿ, ಪ್ರತಿ ಸಲ ಬಿಟ್ಟು ನೋಡಿ. ಮುಂದೆ ತೂಕ ಮಾತ್ರ ಸೇರಿಸಬೇಡಿ, ಇನ್ನೂ ಮೆತ್ತಗಾಗುತ್ತೆ.

ಅಭ್ಯಾಸಕ್ಕೆ ಒಂದು ಬ್ರಾಡ್‌ಹೆಡ್ ಬೇರೆ ಇಟ್ಟು, ಅದಕ್ಕೆ ಕೆಂಪು ದಾರ ಕಟ್ಟಿ. ಫೋಮ್‌ಗೆ ಹೊಡೆದದ್ದನ್ನು ಮತ್ತೆ ಮಸೆಯದೆ ಕಾಡಿಗೆ ಒಯ್ಯಬೇಡಿ. ಉಳಿದ ಅಲಗುಗಳಿಗೆ ತೆಳ್ಳಗೆ ವ್ಯಾಸಲಿನ್ ಸವರಿ. ನಾನು ಒಂದು ಸಣ್ಣ ಕಲ್ಲು, ಒಂದು ಚರ್ಮದ ತುಂಡು ಯಾವಾಗಲೂ ಜೇಬಲ್ಲಿ ಇಟ್ಟಿರುತ್ತೇನೆ. ಕತ್ತಲಿರುವಾಗಲೇ ಹೋಗಿ ಕೂತು, ಬೆಳಕು ಹರಿಯುವ ಮುಂಚೆ ಮೊದಲ ಬಾಣದ ಅಲಗನ್ನು ಚರ್ಮದ ಮೇಲೆ ಹತ್ತು ಸಲ ಎಳೆದು, ಆಮೇಲೆಯೇ ಬಿಲ್ಲಿಗೆ ಹೂಡುತ್ತೇನೆ.