ಉಡುಪಿಯ ಸೆಕೆಗೆ ಪರಿಮಳದ ದೊಡ್ಡ ಡೇ ಲಿಲಿ ಹೂ ಬಿಡ್ತದಾ?

ಅಂಗಳದ_ಹೂ (ಉಡುಪಿ):
ಎಲ್ರಿಗೂ ನಮಸ್ಕಾರ. ನಮ್ಮ ಅತ್ತಿಗೆ ಇರುದು ಮಡಿಕೇರಿಯಲ್ಲಿ, ಅವ್ರ ಮನೆ ಎದುರು ತಿಳಿ ಹಳದಿ ಡೇ ಲಿಲಿ ಉಂಟು, ಐದು ಇಂಚು ಅಗಲದ ಹೂ, ಸಂಜೆ ಆದ್ರೆ ಪರಿಮಳ ಜಗಲಿವರೆಗೆ ಬರ್ತದೆ. ಅಲ್ಲಿಂದ ಕಂದು ತಂದು ನೆಟ್ಟೆ, ಒಂದು ಮಳೆಗಾಲ ಕಳೀತು, ಎಲೆ ಬಿಟ್ರೆ ಬೇರೆ ಎಂತದ್ದೂ ಇಲ್ಲ, ಆ ಎಲೆಯೂ ಈಗ ಸಪೂರ ಆಗ್ತಾ ಬರ್ತಾ ಉಂಟು. ಆನ್‌ಲೈನಲ್ಲಿ ಒಂದು ನರ್ಸರಿಯಿಂದ ತರಿಸಿದ್ದು ಹೂವೇನೋ ಬಿಟ್ಟಿತು, ಆದ್ರೆ ಕಿತ್ತಳೆ ಬಣ್ಣದ ಸುತ್ತು ಹೂ, ಮೂಗಿನ ಹತ್ರ ಹಿಡಿದ್ರೂ ಪರಿಮಳ ಇಲ್ಲ. ನಮ್ಮ ಕರಾವಳಿ ಹವೆಗೆ ಪರಿಮಳದ ದೊಡ್ಡ ಹೂವಿನ ಜಾತಿ ಆಗುದೇ ಇಲ್ವಾ, ಅಲ್ಲ ನೋಡಿ ತಗೊಂಡ್ರೆ ಆಗ್ತದಾ? ಬೆಳೆಸಿದವ್ರು ದಯವಿಟ್ಟು ಹೇಳಿ.

ಮುರಕಲ್ಲು_ತೋಟ (ಮಂಗಳೂರು):
ಆಗ್ತದೆ ಅಕ್ಕ, ಖಂಡಿತ ಆಗ್ತದೆ, ಆದ್ರೆ ಹೂವಿನ ಫೋಟೋ ನೋಡುವ ಮೊದ್ಲು ಗಿಡ ಚಳಿಗಾಲದಲ್ಲಿ ಎಂತ ಮಾಡ್ತದೆ ಅಂತ ಕೇಳ್ಬೇಕು. ಡೇ ಲಿಲಿಯಲ್ಲಿ ಮೂರು ಬಗೆ ಉಂಟು. ಡಾರ್ಮೆಂಟ್ ಅಂದ್ರೆ ಚಳಿಗೆ ಎಲೆ ಪೂರ್ತಿ ಒಣಗಿ ಮಣ್ಣೊಳಗೆ ಮಲಗುವ ಜಾತಿ, ಎವರ್‌ಗ್ರೀನ್ ಅಂದ್ರೆ ವರ್ಷ ಇಡೀ ಹಸಿರು, ನಡುವಿನದ್ದು ಸೆಮಿ ಎವರ್‌ಗ್ರೀನ್. ಡಾರ್ಮೆಂಟ್ ಜಾತಿಯಲ್ಲಿ ಸುಮಾರಿನವಕ್ಕೆ ಆ ಚಳಿಯ ನಿದ್ದೆ ಬೇಕೇ ಬೇಕು, ಅದು ಸಿಗದಿದ್ರೆ ವರ್ಷದಿಂದ ವರ್ಷಕ್ಕೆ ಸೊರಗಿ ಕೊನೆಗೆ ಹೋಗ್ತದೆ. ಮಡಿಕೇರಿಯಲ್ಲಿ ಡಿಸೆಂಬರ್ ಜನವರಿ ರಾತ್ರಿ ಒಳ್ಳೆ ತಂಪು, ನಮ್ಮಲ್ಲಿ ಅದೇ ತಿಂಗಳಲ್ಲಿ ರಾತ್ರಿಗೂ 20 ಡಿಗ್ರಿ ಆಸುಪಾಸು. ನಿಮ್ಮ ಗಿಡದ ಎಲೆ ಸಪೂರ ಆಗುದು ನೋಡಿದ್ರೆ ಇದೇ ಕಾರಣ ಅಂತ ನನಗೆ ಕಾಣ್ತದೆ. ಅತ್ತಿಗೆ ಹತ್ರ ಒಂದು ಕೇಳಿ, ಚಳಿಗಾಲದಲ್ಲಿ ಅಲ್ಲಿ ಎಲೆ ಪೂರ್ತಿ ಹೋಗ್ತದಾ ಅಂತ.

ಹಳೇ ಹೆಸರುವಾಸಿ ಪರಿಮಳದ ಹಳದಿ ಹೈಪೀರಿಯನ್, 1924ರದ್ದು, ಈಗ್ಲೂ ಜನ ಹುಡುಕಿ ಹುಡುಕಿ ತಗೊಳ್ತಾರೆ, ಅದೂ ಡಾರ್ಮೆಂಟೇ. ಹಾಗಾಗಿ ಹೆಸರು ಕೇಳಿ ಆಸೆ ಪಟ್ಟು ನಮ್ಮಲ್ಲಿ ದುಡ್ಡು ಹಾಕ್ಬೇಡಿ. ಅಮೆರಿಕದ ಫ್ಲೋರಿಡಾದಲ್ಲಿ ಸೆಕೆಯೂ ಉಂಟು, ಬೇಸಿಗೆ ಮಳೆಯೂ ಉಂಟು, ಅಲ್ಲಿ ತಳಿ ಮಾಡುವವ್ರು ಸುಮಾರು ವರ್ಷದಿಂದ ಎವರ್‌ಗ್ರೀನ್ ಜಾತಿಯನ್ನೇ ಬೆಳೆಸ್ಕೊಂಡು ಬಂದದ್ದು, ಅಂಥದ್ದು ನಮಗೆ ಹೊಂದ್ತದೆ.

ಪರಿಮಳದ ವಿಷಯ: ನಿಮಗೆ ಬಂದ ಕಿತ್ತಳೆ ಸುತ್ತು ಹೂ ಫುಲ್ವಾ ಅನ್ನುವ ಕಿತ್ತಳೆ ಮೂಲ ಜಾತಿಯ ಬಳಗದ ಕ್ವಾನ್ಸೋ ತಳಿ ಇರ್ಬೇಕು, ಅದಕ್ಕೆ ಪರಿಮಳ ಇಲ್ಲ. ಒಳ್ಳೆ ಪರಿಮಳ ಜಾಸ್ತಿ ಸಿಗುದು ತಿಳಿ ಹಳದಿಯಲ್ಲಿ, ಯಾಕಂದ್ರೆ ಅವುಗಳ ಹಿಂದೆ ಸಿಟ್ರಿನಾ, ಲಿಲಿಯೋಆಸ್ಫೋಡೆಲಸ್ ಅನ್ನುವ ಪರಿಮಳದ ಮೂಲ ಜಾತಿಗಳುಂಟು. ಸಿಟ್ರಿನಾ ಅರಳುದೇ ಸಂಜೆ ಮೇಲೆ, ರಾತ್ರಿ ಹಾತೆಗಳಿಗೋಸ್ಕರ, ಬೆಳಿಗ್ಗೆ ಬಿಸಿಲು ಏರುವಾಗ ಬಾಡ್ತದೆ. ಅತ್ತಿಗೆಯ ಗಿಡ ಸಂಜೆ ಪರಿಮಳ ಬಿಡುದಾದ್ರೆ ಅದರಲ್ಲಿ ಇದರ ರಕ್ತ ಇರುವ ಸಾಧ್ಯತೆ ಉಂಟು.

ಕಾರ್ಕಳದ_ಮಳೆ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ನಾನು ಒಂದು ಸೇರಿಸ್ತೇನೆ, ನಮ್ಮಲ್ಲಿ ಸೆಕೆಗಿಂತ ಮಳೆಯೇ ಜಾಸ್ತಿ ಗಿಡ ತೆಗಿತದೆ ಮಾರಾಯ್ರೆ. ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಊರು, ಅದ್ರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿತದೆ. ಬೆಚ್ಚಗಿನ ಮಣ್ಣು, ನಿಂತ ನೀರು ಎರಡೂ ಸೇರಿದ್ರೆ ಬುಡ ಕೊಳೆತು ಎಲೆ ಎಳೆದ್ರೆ ಕೈಗೇ ಬರ್ತದೆ, ವಾಸನೆಯೂ ಹೊಡಿತದೆ. ನೆಲದಲ್ಲಿ ನೆಡುದಾದ್ರೆ ಒಂದು ಅಡಿ ಎತ್ತರ ಏರಿ ಮಾಡಿ, ಕೆಂಪು ಮಣ್ಣಿಗೆ ಹೊಯಿಗೆ, ಸುಡುಮಣ್ಣು, ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ ಬೆರೆಸಿ. ಹಸಿ ಸೆಗಣಿ ಬೇಡ. ಆಟಿಯಲ್ಲಿ, ಅಂದ್ರೆ ಜೋರು ಮಳೆಯ ತಿಂಗಳಲ್ಲಿ, ಗೊಬ್ಬರವೂ ಬೇಡ, ಕಂದು ಬಿಡಿಸುದೂ ಬೇಡ. ಮಾಡಿನ ನೀರು ಬೀಳುವ ಸಾಲಲ್ಲಿ ಮಾತ್ರ ನೆಡ್ಲೇಬೇಡಿ.

ನಮ್ಮಲ್ಲಿರುದು ಎವರ್‌ಗ್ರೀನ್ ಹಳದಿ, ಚಟ್ಟಿಯಲ್ಲಿ ಉಂಟು, ಜೋರು ಮಳೆಗೆ ಸಿಟೌಟಿನ ಅಂಚಿಗೆ ತಂದಿಡುದು. ಹೂ ಬರುದು ಮಾರ್ಚ್ ಏಪ್ರಿಲಲ್ಲಿ, ಶಂಕರಪುರ ಮಲ್ಲಿಗೆ ಇರುವ ಮನೆಯಲ್ಲಿ ಇದ್ರ ಪರಿಮಳ ಎಷ್ಟು ಗೊತ್ತಾಗ್ತದೆ ಅಂತ ಕೇಳ್ಬೇಡಿ, ಇದು ಮೆಲ್ಲಗಿನ ಪರಿಮಳ, ಹತ್ರ ಹೋಗ್ಬೇಕು, ಆದ್ರೆ ನನಗೆ ಅದೇ ಇಷ್ಟ. ಬಿಸಿಲು ಬೆಳಿಗ್ಗೆಯದ್ದು ಸಾಕು, ಮಧ್ಯಾಹ್ನ ಒಂದು ಗಂಟೆ ನಂತ್ರ ನೆರಳು ಬಿದ್ರೆ ಹೂ ಬಾಡುದು ತಡ ಆಗ್ತದೆ.

ಪರವೂರ_ಕುಂದಾಪ್ರದವ (ನ್ಯೂಜೆರ್ಸಿ):
ಇಲ್ಲಿ ಉಲ್ಟಾ. ಹಿಮದ ಅಡಿಯಲ್ಲಿ ಮೂರು ತಿಂಗಳು ಮಲಗಿ ಜೂನ್ ಕೊನೆಗೆ ಎದ್ದು ಹೂ ಬಿಡ್ತದೆ, ಹೈಪೀರಿಯನ್ ನಮ್ಮ ಬೇಲಿ ಉದ್ದಕ್ಕೂ ಉಂಟು, ಪೂರ್ತಿ ಬಿಸಿಲಲ್ಲೇ ಉಂಟು, ನೋಡಿಕೊಳ್ಳುವ ಕೆಲಸವೇ ಇಲ್ಲ. ಒಂದೊಂದು ಹೂ ಒಂದೇ ದಿನ, ಆದ್ರೆ ಒಂದು ದಂಟಲ್ಲಿ ಸುಮಾರು ಮೊಗ್ಗು ಇರುದ್ರಿಂದ ವಾರಗಟ್ಟಲೆ ಸಿಗ್ತದೆ. ಕ್ಯಾಟಲಾಗ್ ನೋಡುವಾಗ ಎರಡು ಮಾತು ಹುಡುಕಿ: ಹೂ ನಾಲ್ಕೂವರೆ ಇಂಚು ಅಥವಾ ಮೇಲಿದ್ರೆ ದೊಡ್ಡ ಹೂ ಅಂತ ಲೆಕ್ಕ, ಮತ್ತೆ ಎಕ್ಸ್‌ಟೆಂಡೆಡ್ ಅಂತ ಬರೆದಿದ್ರೆ ಹೂ ಕಡಿಮೆ ಅಂದ್ರೆ 16 ಗಂಟೆ ನಿಲ್ತದೆ.

ರಸ್ಟ್ ರೋಗದ ಬಗ್ಗೆ ಜಾಗ್ರತೆ, ಎಲೆ ಉಜ್ಜಿದ್ರೆ ಬೆರಳಿಗೆ ಕಿತ್ತಳೆ ಹುಡಿ ಹತ್ತಿದ್ರೆ ಅದೇ. ಅಮೆರಿಕದಲ್ಲಿ ಇದು 2000ನೇ ಇಸವಿಯಲ್ಲಿ ಕಾಣಿಸ್ಕೊಂಡದ್ದು. ಈ ಶಿಲೀಂಧ್ರ ಬದುಕ್ಲಿಕ್ಕೆ ಜೀವ ಇರುವ ಹಸಿರು ಎಲೆ ಬೇಕು, ಹಾಗಾಗಿ ನಮ್ಮಲ್ಲಿ ಚಳಿಗೆ ಎಲೆ ಹೋದ ಕೂಡ್ಲೇ ಅದೂ ಹೋಗ್ತದೆ, ಉಡುಪಿಯಲ್ಲಿ ಎವರ್‌ಗ್ರೀನ್ ಇಟ್ರೆ ವರ್ಷ ಇಡೀ ಉಳಿಬಹುದು. ಹತ್ತಿದ ಎಲೆ ಕತ್ತರಿಸಿ ಸುಟ್ಟು ಹಾಕಿ, ನೀರು ಬುಡಕ್ಕೆ ಮಾತ್ರ ಕೊಡಿ. ಮತ್ತೆ ಇಲ್ಲಿಂದ ಬರುವವ್ರ ಸೂಟ್‌ಕೇಸಲ್ಲಿ ಬೇರು ತರಿಸುವ ಯೋಚನೆ ಮಾಡ್ಬೇಡಿ, ಭಾರತಕ್ಕೆ ಗಿಡ ತರ್ಲಿಕ್ಕೆ ಇಂಪೋರ್ಟ್ ಪರ್ಮಿಟ್, ಗಿಡಕ್ಕೆ ರೋಗ ಇಲ್ಲ ಅನ್ನುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಎರಡೂ ಬೇಕು, ರೋಗ ಊರಿಗೆ ಬರುದು ಹೀಗೇ.

ಅಂಗಳದ_ಹೂ (ಉಡುಪಿ):
ತುಂಬಾ ಉಪಕಾರ ಆಯ್ತು. ಅತ್ತಿಗೆಗೆ ಫೋನ್ ಮಾಡಿದೆ, ಜನವರಿಯಲ್ಲಿ ಎಲೆ ಪೂರ್ತಿ ಒಣಗ್ತದೆ ಅಂತ ಹೇಳಿದ್ರು. ಮೊಗ್ಗು ಪಲ್ಯ ಮಾಡ್ತಾರೆ ಅಂತ ಎಲ್ಲೋ ಓದಿದೆ, ಅದು ಹೌದಾ? ಮತ್ತೆ ಮನೆಯಲ್ಲಿ ಬೆಕ್ಕು ಉಂಟು.

ಮುರಕಲ್ಲು_ತೋಟ (ಮಂಗಳೂರು):
ಹಾಗಾದ್ರೆ ಅದು ಡಾರ್ಮೆಂಟೇ, ಉಳಿದ ಕಂದನ್ನು ಮಡಿಕೇರಿಗೇ ಕಳಿಸಿಬಿಡಿ, ಅಲ್ಲಿ ಚೇತರಿಸ್ಕೊಳ್ತದೆ.

ಚೀನಾದಲ್ಲಿ ಸಿಟ್ರಿನಾ ಮೊಗ್ಗು ಬೇಯಿಸಿ ಒಣಗಿಸಿ ಅಡಿಗೆಗೆ ಹಾಕುದು ಹೌದು. ಆದ್ರೆ ನಮ್ಮಲ್ಲಿ ಲಿಲಿ ಅಂತ ಕರೆಯುವ ಹೂ ಹತ್ತಾರು, ಬೇಲಿಯಲ್ಲಿ ಹಬ್ಬುವ ಗ್ಲೋರಿಯೋಸಾ, ಅದೇ ಅಗ್ನಿಶಿಖೆ, ಅದು ಕಡು ವಿಷ, ಗಡ್ಡೆಯಂತೂ ಪ್ರಾಣಕ್ಕೇ ಅಪಾಯ. ಗಿಡದ ಗುರ್ತು ಖಾತ್ರಿ ಇಲ್ಲದಿದ್ರೆ ಬಾಯಿಗೆ ಹಾಕ್ಲೇಬೇಡಿ. ಬೆಕ್ಕಿಗೆ ಡೇ ಲಿಲಿಯ ಎಲೆ, ಹೂ, ಪರಾಗ ಎಲ್ಲವೂ ವಿಷ, ಕಿಡ್ನಿ ಹೋಗ್ತದೆ, ಸ್ವಲ್ಪ ಮೆದ್ದರೂ ಕೂಡ್ಲೇ ಡಾಕ್ಟರ್ ಹತ್ರ ಓಡ್ಬೇಕು. ಬೆಕ್ಕು ಗಿಡ ಕಚ್ಚುವ ಜಾತಿಯದ್ದಾದ್ರೆ ನಾನಾದ್ರೆ ಡೇ ಲಿಲಿ ಬಿಟ್ಟು ಸುರುಳಿ ಸುಗಂಧಿ ನೆಡ್ತಿದ್ದೆ, ಅದಕ್ಕೆ ನಮ್ಮ ಮಳೆಯೇ ಬೇಕು, ಬಿಳಿ ಹೂ, ಪರಿಮಳಕ್ಕೆ ಮಾತೇ ಇಲ್ಲ.

ಬೆಕ್ಕು ಆ ಕಡೆ ಹೋಗುದಿಲ್ಲ ಅಂತಾದ್ರೆ ನವರಾತ್ರಿ ಕಳೆದು ಮಳೆ ಬಿಟ್ಟ ಮೇಲೆ ತಗೊಳ್ಳಿ, ಹೂ ಬಿಟ್ಟ ಗಿಡವನ್ನೇ ಕಣ್ಣಲ್ಲಿ ನೋಡಿ ಮೂಗಲ್ಲಿ ಮೂಸಿ ತಗೊಂಡ್ರೆ ಇನ್ನೂ ಒಳ್ಳೇದು. ನೆಡುವಾಗ ಬುಡದ ಗಂಟು ಮಣ್ಣಿನಿಂದ ಒಂದಿಂಚು ಕೆಳಗೆ ಇದ್ರೆ ಸಾಕು, ಅದಕ್ಕಿಂತ ಆಳ ಹೋದ್ರೆ ಹೂ ಕಡಿಮೆ.